ಅಂಗಿಯೊಳಗಿನ ನೀರು ಯಾರ ಹೊಣೆ?

ಒಂದು ಹತ್ತಿ ಟೀ-ಶರ್ಟಿಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಅದರಲ್ಲಿ ಬಹುಪಾಲು ಹತ್ತಿಯ ಹೊಲಕ್ಕೇ ಹೋಗುತ್ತದೆ. ಬಣ್ಣ ಹಾಕಲು ಬೇಕಾಗುವುದು ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ನದಿ ಕೆಡುವುದು ಆ ನೀರಿನಿಂದ. ಅಂಗಿಯ ಮೇಲೆ ತನ್ನ ಹೆಸರು ಹೊಲಿಸುವ ಕಂಪನಿ ಹೊಲದಲ್ಲೂ ಇಲ್ಲ, ಬಣ್ಣದ ತೊಟ್ಟಿಯ ಬಳಿಯೂ ಇಲ್ಲ. ಹಾಗಾದರೆ ಈ ನೀರಿನ ಹೊಣೆಯಲ್ಲಿ ಅದರ ಪಾಲೆಷ್ಟು?

ಈ ಬಗೆಯ ಹೊಣೆಯನ್ನು ಜೈನ ನೀತಿಶಾಸ್ತ್ರ ಬಹಳ ಹಿಂದೆಯೇ ಬಿಡಿಸಿ ನೋಡಿದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಕ್ರಿಯೆಯನ್ನು ಕೃತ, ಕಾರಿತ, ಅನುಮತ ಎಂದು ವಿಂಗಡಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು. ಮೂರರಿಂದಲೂ ಕರ್ಮ ಅಂಟುತ್ತದೆ. ಹಿಂಸೆಯ ಲಕ್ಷಣ ಹೇಳುವಾಗಲೂ ಅದೇ ಗ್ರಂಥ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಕೇಳಿದರೆ ತಿಳಿಯುತ್ತಿದ್ದುದನ್ನು ಕೇಳದೆ ಬಿಟ್ಟವರು ‘ಗೊತ್ತಿರಲಿಲ್ಲ’ ಎಂದರೆ ಈ ಲೆಕ್ಕದಲ್ಲಿ ನಡೆಯದು. ನೀರು ಶುದ್ಧ ಮಾಡುವ ಖರ್ಚು ಗಿಟ್ಟದಂಥ ದರಕ್ಕೆ ಬಟ್ಟೆ ಕೇಳುವುದು ಕಾರಿತವೇ ಸರಿ.

ತಮಿಳುನಾಡಿನ ತಿರುಪ್ಪೂರಿನಲ್ಲಿ ಇದು ಕಣ್ಣೆದುರೇ ನಡೆಯಿತು. ಅಲ್ಲಿ ಹರಿಯುವ ನೊಯ್ಯಲ್ ಕಾವೇರಿಯ ಉಪನದಿ. ಅದಕ್ಕೆ ಅಡ್ಡಲಾಗಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಘಟಕಗಳ ಉಪ್ಪುನೀರು ತುಂಬಿಕೊಂಡಿತು. ಬೆಳೆಗೆ ಬಿಡಬೇಕಾದ ನೀರೇ ಬೆಳೆಗೆ ವಿಷವಾದಾಗ ಅಚ್ಚುಕಟ್ಟಿನ ರೈತರು ಕೋರ್ಟಿಗೆ ಹೋದರು. ತ್ಯಾಜ್ಯನೀರನ್ನು ಹನಿಯೂ ಹೊರಬಿಡಬಾರದೆಂದು 2006ರಲ್ಲಿ ಆದೇಶಿಸಿದ ಮದ್ರಾಸ್ ಹೈಕೋರ್ಟ್, ಅದು ಪಾಲನೆಯಾಗದೆ 2011ರ ಜನವರಿಯಲ್ಲಿ ಘಟಕಗಳನ್ನು ಮುಚ್ಚಲು ಹೇಳಿತು. ಬೀಗ ಬಿದ್ದದ್ದು ಘಟಕಗಳಿಗೆ, ಕೆಲಸ ಹೋದದ್ದು ಕೂಲಿಗಳಿಗೆ. ಅಗ್ಗದ ಬಟ್ಟೆ ತರಿಸಿಕೊಳ್ಳುತ್ತಿದ್ದ ವಿದೇಶಿ ಬ್ರ್ಯಾಂಡುಗಳು ಕಟಕಟೆ ಹತ್ತಲಿಲ್ಲ. ಕಾನೂನಿಗೆ ಕೃತ ಮಾತ್ರ ಕಂಡಿತು.

ಈ ತತ್ತ್ವಕ್ಕೊಂದು ತೊಡಕುಂಟು. ಕರ್ಮ ಅಂಟುವುದು ಜೀವಕ್ಕೆ, ಕಂಪನಿಗೆ ಜೀವವಿಲ್ಲ. ಆದರೆ ದರ ಕಟ್ಟುವವರು, ಒಪ್ಪಂದಕ್ಕೆ ಸಹಿ ಹಾಕುವವರು, ವರದಿಯನ್ನು ಓದದೆ ಬದಿಗಿಡುವವರು ಮನುಷ್ಯರೇ. ಹೊಣೆ ಹಂಚಿಹೋದರೆ ಕರಗುತ್ತದೆ ಎಂಬ ಆಧುನಿಕ ನಂಬಿಕೆಗೆ ಇಲ್ಲಿ ಆಸ್ಪದವಿಲ್ಲ. ಹಾಗೆಂದು ಗೃಹಸ್ಥನಿಂದ ಮುನಿಯ ಕಠಿಣ ವ್ರತವನ್ನು ಜೈನಧರ್ಮ ಬೇಡುವುದಿಲ್ಲ. ಕಸುಬಿನಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಒಪ್ಪಿಕೊಂಡೇ ಭೋಗಕ್ಕೆ ಮಿತಿ ಹಾಕಿಕೊಳ್ಳೆನ್ನುತ್ತದೆ.

ಇನ್ನು ‘ಬಳಸಿದಷ್ಟು ನೀರನ್ನು ಪ್ರಕೃತಿಗೆ ಮರಳಿಸುತ್ತೇವೆ’ ಎಂಬ ಕಂಪನಿಗಳ ಘೋಷಣೆ. ಇದನ್ನು ಅಳೆಯಲು ಜೈನ ಮನೆಗಳ ಒಂದು ಹಳೆಯ ರೂಢಿ ಸಾಕು. ಬಾವಿಯಿಂದ ಸೇದಿದ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸುತ್ತಾರೆ. ಆಮೇಲೆ ಸೋಸಿದ ನೀರಿನಿಂದಲೇ ಬಟ್ಟೆಯನ್ನು ಜಾಲಿಸಿ, ಅದರಲ್ಲಿ ಸಿಕ್ಕಿಕೊಂಡ ಸೂಕ್ಷ್ಮಜೀವಿಗಳನ್ನು ಮೆಲ್ಲಗೆ ಅದೇ ಬಾವಿಗೆ ಬಿಡುತ್ತಾರೆ. ಬೇರೆ ಬಾವಿಯ ನೀರಿನಲ್ಲಿ ಅವು ಬದುಕಲಾರವು ಎಂಬ ಎಚ್ಚರ ಅದು. ಇಂಗಾಲವನ್ನು ಎಲ್ಲಿ ತಗ್ಗಿಸಿದರೂ ಆಕಾಶ ಒಂದೇ, ನೀರು ಹಾಗಲ್ಲ. ನೊಯ್ಯಲ್ ಕಣಿವೆಯಲ್ಲಿ ಕೆಡಿಸಿದ ನೀರಿಗೆ ಇನ್ನೊಂದು ರಾಜ್ಯದಲ್ಲಿ ತೋಡಿಸಿದ ಕೆರೆ ಪರಿಹಾರವಾಗದು.