ಒಂದು ದಿನಕ್ಕೆ ಒಂದೇ ಬೆಲೆ

ನಮ್ಮ ಅವ್ವನ ಎದೆಯ ಹಳೇ ಗಾಯದ ಮಗ್ಗುಲಲ್ಲಿ ಮತ್ತೊಂದು ಗಂಟು ಕಂಡಿದೆ. ಮೂರು ವರ್ಷದ ಹಿಂದೆ ಒಂದು ಮೊಲೆ ತೆಗೆದು, ಕರೆಂಟ್ ಕೊಟ್ಟು, 'ಇನ್ನು ಚಿಂತಿಲ್ಲ' ಅಂತ ಕಳಿಸಿದ್ದರು. ಅವ್ವ ಮತ್ತೆ ಕಪನೂರಿನ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡಲು ನಿಂತಿದ್ದಳು. ಗಂಟು ಕೈಗೆ ಹತ್ತಿದ ಮೇಲೆ ಎಂಟು ದಿನ ಯಾರಿಗೂ ಹೇಳಲಿಲ್ಲ. ಹೇಳಿದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಆ ಗಂಟು ಏನೆಂದು ಇವತ್ತಿನವರೆಗೂ ನಮಗೆ ಗೊತ್ತಿಲ್ಲ. ಯಾಕೆ ಗೊತ್ತಾಗಲಿಲ್ಲ ಎಂಬುದನ್ನು ಗೆಳೆಯರ ಮುಂದೆ ಇಡಬೇಕಾಗಿದೆ. ದವಾಖಾನೆಯ ಹೆಸರು ಬೇಡ. ಹೆಸರು ಹೇಳಿದರೆ ಅದೊಂದೇ ಕೆಟ್ಟದ್ದು ಅಂತ ಉಳಿದವರು ನೆಮ್ಮದಿಯಾಗಿ ಮಲಗುತ್ತಾರೆ.

ಮೊದಲ ದಿನ ಒಂದು ದಿನದ ಕೂಲಿ ಬಿಟ್ಟು, ರೊಟ್ಟಿ ಕಟ್ಟಿಕೊಂಡು, ಬೆಳಗಿನ ಏಳಕ್ಕೆ ಪಾಳಿ ಹಚ್ಚಿದೆವು. ಹನ್ನೆರಡಕ್ಕೆ ಒಬ್ಬರು ಬಂದು, "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳಿ ಬರ್ರಿ" ಅಂದರು. ಅವರು ಹೋದದ್ದು ಒಂಬತ್ತಕ್ಕೇ. ಮೂರು ತಾಸು ಯಾರೂ ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಎರಡನೇ ದಿನ ಕೌಂಟರಿನವನು, "ಹಳೇ ಫೈಲ್ ಎಲ್ಲದ?" ಅಂದ. ಫೈಲು ಇಟ್ಟುಕೊಂಡವರು ಅವರೇ. "ನಿಮ್ಮ ಹತ್ರಾನೇ ಅದರೀ" ಅಂದೆವು. "ಹುಡುಕಬೇಕು. ಏ ಮುದುಕಿ, ಬಾಗಲಾ ಬಿಟ್ಟು ನಿಂದ್ರು." ಅಷ್ಟರಲ್ಲಿ ನಮ್ಮ ಓಣಿಯವರ ಬೀಗರೊಬ್ಬರು ಸಿಕ್ಕರು. ಅಲ್ಲಿ ಜವಾನರು. ನಮ್ಮ ಚೀಟಿಯನ್ನು ಮುಂದೆ ತಳ್ಳಿದರು. ಅವ್ವ ಒಳಗೆ ಹೋದಳು. ಎರಡು ನಿಮಿಷ. ಗಂಟಿಗೆ ಸೂಜಿ ಚುಚ್ಚಿ ತೆಗೆದುಕೊಂಡರು. ಎಂಟು ದಿನ ಬಿಟ್ಟು ಬರಲು ಹೇಳಿದರು.

ನಮ್ಮ ಮುಂದೆ ಪಾಳಿಯಲ್ಲಿದ್ದವರು ಕಮಲಾಪುರ ಕಡೆಯ ಒಬ್ಬ ಮುದುಕರು. ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಬಂದಿದ್ದರು. ಒಂದು ಗಂಟೆಗೆ ಡಾಕ್ಟರು ಎದ್ದರು. ಅವರ ಪಾಳಿ ಬರಲಿಲ್ಲ. ಬುತ್ತಿಗಂಟು ಎತ್ತಿಕೊಳ್ಳುತ್ತ, "ನಿಮ್ದಾದ್ರೂ ಆತಲ್ಲ, ಛಲೋ ಆತು ಬಿಡ್ರಿ" ಅಂದರು. ಆ ಮಾತನ್ನು ಇನ್ನೂ ಜೀರ್ಣಿಸಿಕೊಳ್ಳಲು ನಮಗೆ ಆಗಿಲ್ಲ.

ಮೂರನೇ ಸಲ ಹೋದಾಗ ರಿಪೋರ್ಟು ಕೈಗೆ ಬಂತು. ಇಂಗ್ಲಿಷಿನ ಒಂದು ಹಾಳೆ. ನಾವು ಕಾಲೇಜು ಕಂಡವರು, ಅಕ್ಷರ ಓದಿದೆವು, ಅರ್ಥ ಆಗಲಿಲ್ಲ. "ಇದರಾಗ ಏನದ ಹೇಳ್ರಿ" ಅಂದರೆ, "ಸಾಹೇಬ್ರು ರಜಾದ ಮ್ಯಾಲ ಅದಾರ, ಸೋಮವಾರ ಬರ್ರಿ. ಓದಿದ್ರ ನಿಮಗೇನ್ ತಿಳಿತದ?" ಅನ್ನುವ ಉತ್ತರ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆವು. ಒಂದು ಕಡೆ ಹೆದರಬೇಡಿ ಎಂದಿತ್ತು. ಇನ್ನೊಂದು ಕಡೆ ಓದುವಾಗ ಕೈ ನಡುಗಿತು. ಅವ್ವ ಅಂದಳು: "ಮೈ ನಂದು. ಅದರಾಗಿನ ಸುದ್ದಿ ಮಾತ್ರ ಅವರದೇನು?"

ಈ ಪ್ರಶ್ನೆಗೆ ದೊಡ್ಡ ದೊಡ್ಡ ತತ್ವಜ್ಞಾನಿಗಳು ಉತ್ತರ ಕೊಡಲಿ.

ಆಪರೇಶನ್ ಆದ ಜಾಗದಲ್ಲಿ ಬರುವ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಗಾಯದ ಗೆರೆ ಗಟ್ಟಿಯಾದರೂ, ಒಳಗಿನ ಕೊಬ್ಬು ಸತ್ತರೂ ಕೈಗೆ ಗಂಟು ಹತ್ತುತ್ತದೆ. ರೋಗವೇ ಮರಳಿದ್ದರೂ ಅದು ಬೇರೆ ಕಡೆ ಹರಡುವ ಮುಂಚೆ ಹಿಡಿದರೆ ಚಿಕಿತ್ಸೆಗೆ ದಾರಿ ಹೆಚ್ಚು. ಮೊದಲ ಕೆಲವು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು ಎನ್ನುವುದು ಅದಕ್ಕೇ. ಇದನ್ನು ಅವ್ವನಿಗೆ ಹೇಳಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷ ಸಿಗದೆ ಅವ್ವ ಹದಿನೈದು ರಾತ್ರಿ ನಿದ್ದೆಗೆಟ್ಟಿದ್ದಾಳೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮಾಸ್ತರರ ಕತೆ ದಾಖಲಿಸಿದ್ದಾರೆ. ಆ ಮಾಸ್ತರರ ಪತ್ರ 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲಿಲ್ಲ, ರೋಗಿಯನ್ನೇ ಕೇರಿಯ ಹೊರಗೆ ತರಿಸಿದರು. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟರು, ಅವರು ಗಂಡನಿಗೆ ಕೊಟ್ಟರು, ಗಂಡ ಹೆಂಡತಿಗೆ ಇಟ್ಟ. ಮುಟ್ಟದೆಯೇ ರೋಗ ಹೇಳಿ ಡಾಕ್ಟರು ಹೋದರು. ಆಕೆ ಉಳಿಯಲಿಲ್ಲ.

ಕಾಲ ಬದಲಾಗಿದೆ, ಸುಳ್ಳು ಹೇಳಬಾರದು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆದಾಗ ಅದು ನಮ್ಮ ಕಡೆಯವರಿಗೆ ಆರುನೂರು ಕಿಲೋಮೀಟರಿನ ಆಸುಪಾಸು ದೂರ. ಆಮೇಲೆ ಕಲಬುರಗಿಯಲ್ಲೇ ಅದರ ಕೇಂದ್ರ ಬಂತು. ಬಡವರ ದೊಡ್ಡ ರೋಗಗಳ ಖರ್ಚು ಸರ್ಕಾರವೇ ಹೊರುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಸುರುವಾದದ್ದು ನಮ್ಮ ಗುಲಬರ್ಗಾ ವಿಭಾಗದಿಂದಲೇ. 2018ರಲ್ಲಿ ಆಯುಷ್ಮಾನ್ ಕಾರ್ಡು ಬಂತು. ಅವ್ವನ ಆಪರೇಶನ್ ಆದದ್ದು ಆ ಕಾರ್ಡಿನಿಂದ. ಡಾಕ್ಟರು ಅವ್ವನನ್ನು ಮುಟ್ಟಿಯೇ ನೋಡಿದರು. ಮೈ ಮುಟ್ಟಲು ಈಗ ಅಡ್ಡಿಯಿಲ್ಲ. ಆದರೆ ನಮ್ಮ ಪ್ರಶ್ನೆಯನ್ನು ಯಾರೂ ಮುಟ್ಟುವುದಿಲ್ಲ. ಅದು ಜವಾನನಿಂದ ಕೌಂಟರಿಗೆ, ಕೌಂಟರಿನಿಂದ ಸೋಮವಾರಕ್ಕೆ, ಆ ಥರ್ಮಾಮೀಟರಿನ ಹಾಗೇ ಕೈಯಿಂದ ಕೈಗೆ ಹೋಗುತ್ತದೆ.

"ಡಾಕ್ಟರು ಒಬ್ಬರು, ರೋಗಿಗಳು ನೂರು, ಏನು ಮಾಡೋದು?" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ನಿಜ ಇದೆ. ಆ ಡಾಕ್ಟರೂ ಮಧ್ಯಾಹ್ನದ ತನಕ ನೀರು ಕುಡಿದದ್ದು ನಾವು ಕಾಣಲಿಲ್ಲ. ನೂರು ಜನರಿಗೆ ಒಬ್ಬರನ್ನು ಇಟ್ಟವರು ಬೇರೆ, ಲೆಕ್ಕ ಅವರನ್ನು ಕೇಳಬೇಕು. ಆದರೆ 'ಇವತ್ತು ಸಾಹೇಬರಿಲ್ಲ' ಅಂತ ಒಂಬತ್ತಕ್ಕೇ ಒಂದು ಹಲಗೆಯ ಮೇಲೆ ಬರೆಯಲು ಇನ್ನೊಬ್ಬ ಡಾಕ್ಟರು ಬೇಕೆ? ಯಾವ ನಂಬರಿನವರನ್ನು ಎಷ್ಟು ಗಂಟೆಗೆ ನೋಡುತ್ತಾರೆ ಅಂತ ಕನ್ನಡದಲ್ಲಿ ಹೇಳಲು ಹೊಸ ಕಟ್ಟಡ ಬೇಕೆ? ಇಲ್ಲಿ ಕೊರತೆ ಇರುವುದು ಒಂದು ತಿಳುವಳಿಕೆಗೆ. ಬಡವರ ಹೊತ್ತಿಗೂ ಬೆಲೆ ಇದೆ ಎಂಬ ತಿಳುವಳಿಕೆಗೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದರು: ರಾಜಕೀಯದಲ್ಲಿ ಒಬ್ಬರಿಗೆ ಒಂದು ಓಟು, ಎಲ್ಲ ಓಟಿಗೂ ಒಂದೇ ಬೆಲೆ, ಆದರೆ ಬದುಕಿನಲ್ಲಿ ಆ ಸಮಾನತೆ ಇರುವುದಿಲ್ಲ ಎಂದು. ಅವ್ವನ ಓಟಿಗೆ ಬೆಲೆ ಬಂದಿದೆ. ಅವ್ವನ ದಿನಕ್ಕೆ ಇನ್ನೂ ಬಂದಿಲ್ಲ. ಕ್ಯಾನ್ಸರ್ ಇದ್ದರೆ ಅದಕ್ಕೆ ಸಾಹೇಬರ ದಿನವೂ ಒಂದೇ, ಕೂಲಿಯವಳ ದಿನವೂ ಒಂದೇ. ರೋಗಕ್ಕಿರುವ ಸಮಾನತೆ ದವಾಖಾನೆಗೆ ಇರಬಾರದೆ?

ಇಷ್ಟು ಬರೆದು ನಿಲ್ಲಿಸಿದರೆ ನಾವು ಮೋಸಗಾರರು. ಕಮಲಾಪುರದ ಆ ಮುದುಕರನ್ನು ಕಾಯಿಸಿದವರು ಡಾಕ್ಟರಲ್ಲ, ನಾವು. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದು ಇದನ್ನೇ. ಮೇಲಿನವನು ತುಳಿಯುತ್ತಾನೆ, ತುಳಿಸಿಕೊಂಡವನಿಗೂ ತುಳಿಯಲು ಇನ್ನೊಬ್ಬ ಸಿಗುತ್ತಾನೆ, ಅದಕ್ಕೇ ಏಣಿ ಬೀಳುವುದಿಲ್ಲ. ನಮಗೆ ಸಿಕ್ಕದ್ದು ಒಬ್ಬ ಜವಾನರ ಪರಿಚಯ, ಅಷ್ಟೇ. ಅಷ್ಟಕ್ಕೇ ನಾವು ಒಂದು ಮೆಟ್ಟಲು ಮೇಲೆ ಹತ್ತಿದೆವು. ಅವ್ವನ ಜೀವದ ಪ್ರಶ್ನೆ, ಇನ್ನೇನು ಮಾಡಬೇಕಿತ್ತು ಎಂದು ಕೇಳಬಹುದು. ಅವರ ಮಗಳದೂ ಜೀವವೇ. ಹೆದರಿಕೆ ನಮ್ಮನ್ನು ಕ್ರೂರಿಗಳನ್ನಾಗಿ ಮಾಡುತ್ತದೆ. ಒಬ್ಬರನ್ನೊಬ್ಬರು ದಾಟಿ ಹೋಗುವಂತೆ ಮಾಡುವುದೇ ಈ ವ್ಯವಸ್ಥೆಯ ಕಸುಬು. ಹಾಗೆ ದಾಟಿ ಹೋದವರು ಆಮೇಲೆ ವ್ಯವಸ್ಥೆಯನ್ನು ಪ್ರಶ್ನಿಸುವುದಿಲ್ಲ.

ಸೋಮವಾರ ಮತ್ತೆ ಹೋಗುತ್ತೇವೆ. ಓಣಿಯ ನಾಲ್ಕು ಜನ ಜೊತೆಗೆ ಬರುತ್ತಾರೆ. ಬೀಗರಿಗೆ ಚೀಟಿ ಕೊಡುವುದಿಲ್ಲ ಎಂದು ಅವ್ವನೇ ಹೇಳಿದ್ದಾಳೆ. ಪಾಳಿಯಲ್ಲಿ ನಿಂತು, ಸಾಹೇಬರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಎಲ್ಲರ ಪರವಾಗಿ ಕೇಳುತ್ತೇವೆ, ಹಲಗೆಯ ಮೇಲೆ ಬರೆಯುವ ತನಕ ಕೇಳುತ್ತೇವೆ. ಒಳಗೆ ಹೋದ ಮೇಲೆ ಆ ಹಾಳೆಯನ್ನು ಅವ್ವನ ಮುಖ ನೋಡಿ ಕನ್ನಡದಲ್ಲಿ ಓದಿ ಹೇಳಿರಿ ಎನ್ನುತ್ತೇವೆ. ಸುದ್ದಿ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಅದು ಮೊದಲು ಅವಳದು.

ಕಮಲಾಪುರದ ಮುದುಕರು ಅಂದು ಅಲ್ಲಿ ಸಿಕ್ಕರೆ, ಅವರ ಹಿಂದೆ ನಿಲ್ಲುತ್ತೇವೆ.