ಸಭಾಪುಸ್ತಕದಲ್ಲಿ ಕೂಲಿಕಾರನ ಹೆಸರು

ವಂಶಾವಳಿಯನ್ನು ಹುಡುಕುವುದು ಕ್ರೈಸ್ತನಿಗೆ ತಕ್ಕ ಕೆಲಸವೋ? ಮುಗಿಯದ ವಂಶಾವಳಿಗಳಲ್ಲಿ ಮನಸ್ಸಿಡಬಾರದೆಂದು ಪೌಲನು ತಿಮೊಥೆಯನಿಗೆ ಎಚ್ಚರಿಕೆ ಕೊಟ್ಟನು. ಆದರೆ ಮತ್ತಾಯನು ತನ್ನ ಸುವಾರ್ತೆಯನ್ನು ವಂಶಾವಳಿಯಿಂದಲೇ ಆರಂಭಿಸಿದನು. ಆದದರಿಂದ ದೋಷವು ಹುಡುಕುವುದರಲ್ಲಿ ಅಲ್ಲ, ಹುಡುಕುವವನ ಮನಸ್ಸಿನಲ್ಲಿ ಇರುತ್ತದೆಂದು ತಿಳಿಯೋಣ.

ಅರಸರ ವಂಶವನ್ನು ಬರೆಯಲು ಆಸ್ಥಾನದವರಿದ್ದರು. ಕೂಲಿಕಾರನ ಹೆಸರನ್ನು ಬರೆದವರು ಯಾರು? ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ಅರಸನ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲನು 1538ರಲ್ಲಿ, ಪ್ರತಿ ಸಭೆಯ ಬೋಧಕನೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ವಾರವಾರವೂ ಪುಸ್ತಕದಲ್ಲಿ ಬರೆಯಬೇಕೆಂದು ಆಜ್ಞಾಪಿಸಿದನು. ಹೀಗೆ ಹೊಲದ ಆಳಿನ ಹೆಸರಿಗೂ ಪುಸ್ತಕದಲ್ಲಿ ಸ್ಥಳವಾಯಿತು. 1754ರಿಂದ ವಧೂವರರು ಮದುವೆಯ ಪುಸ್ತಕದಲ್ಲಿ ರುಜು ಹಾಕಬೇಕಾಯಿತು. ಅಕ್ಷರ ಬಾರದವರು ಶಿಲುಬೆಯಂಥ ಗೀಟುಗಳನ್ನು ಎಳೆದರು. 1783ರಲ್ಲಿ ಪ್ರತಿಯೊಂದು ಬರಹಕ್ಕೆ ಮೂರು ಪೆನ್ನಿ ತೆರಿಗೆ ಬಿತ್ತು. ಧರ್ಮದ ಅನ್ನದಿಂದ ಜೀವಿಸುವವರಿಗೆ ತೆರಿಗೆಯಿರಲಿಲ್ಲ. ಆದರೆ ಎಷ್ಟೋ ಪುಸ್ತಕಗಳಲ್ಲಿ ಅವರ ಹೆಸರಿನ ಪಕ್ಕದಲ್ಲಿ ದರಿದ್ರರೆಂಬ ಗುರುತು ಬಿತ್ತು. 1794ರಲ್ಲಿ ತೆರಿಗೆಯು ಹೋಯಿತು, ಗುರುತು ಉಳಿಯಿತು. 1813ರಿಂದ ಅಚ್ಚಿನ ಪುಟಗಳಲ್ಲಿ ತಂದೆಯ ಕಸುಬನ್ನೂ ಬರೆದರು. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಮಾತು ಕೂಲಿಕಾರನೆಂಬುದೇ. ಮದುವೆಯಿಲ್ಲದೆ ಹುಟ್ಟಿದ ಶಿಶುವಿನ ಎದುರಿಗೆ ತಾಯಿಯ ಹೆಸರು ಮಾತ್ರವೇ ಇರುವುದುಂಟು.

ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಮ್ಮ ಸಭೆಗಳಲ್ಲಿಯೂ ಇಂಥ ಪುಸ್ತಕಗಳಾದವು. ನಮ್ಮ ಹಿರಿಯರಲ್ಲಿ ಗದ್ದೆಯ ಆಳುಗಳೂ ನೇಯುವವರೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರೂ ಇದ್ದರು. ಮಕ್ಕಳಿಗೆ ವಿದ್ಯೆಯೂ ಉದ್ಯೋಗವೂ ದೊರೆತ ಮೇಲೆ, ಅಂಥ ಅಜ್ಜನ ಹೆಸರನ್ನು ಮರೆಮಾಡಬಹುದೋ?

ತಂದೆಯ ಮಾನವನ್ನು ಕಾಯುವುದು ಮಕ್ಕಳ ಧರ್ಮವಲ್ಲವೇ, ನೋಹನ ಇಬ್ಬರು ಮಕ್ಕಳು ಮುಖ ತಿರುಗಿಸಿ ತಂದೆಗೆ ಬಟ್ಟೆ ಹೊದಿಸಲಿಲ್ಲವೇ ಎಂದು ಕೆಲವರು ಕೇಳುವರು. ಹೌದು, ಹೊದಿಸಿದರು. ಆದರೆ ಅವರು ಮುಚ್ಚಿದ್ದು ಕುಡಿತದಿಂದಾದ ಅವಮಾನವನ್ನು. ಬಡತನವನ್ನಲ್ಲ, ಕೈಯ ದುಡಿಮೆಯನ್ನಲ್ಲ. ಕೂಲಿಯನ್ನು ಮುಚ್ಚಿಡುವವನು ಅದನ್ನು ಪಾಪವೆಂದು ಸಾರುತ್ತಾನೆ. ತನ್ನ ತಂದೆಯನ್ನು ಕಾಯುವುದಿಲ್ಲ, ಹೀನೈಸುತ್ತಾನೆ. ತಂದೆಯ ಹೆಸರಿಲ್ಲದ ಶಿಶುವಾದರೋ ಯಾವ ತಪ್ಪನ್ನೂ ಮಾಡಲಿಲ್ಲ. ನಿಜವಾದ ಪಾಪವು ಕಂಡುಬಂದರೆ ಅದನ್ನು ಸಂತೆಯಲ್ಲಿ ಹೇಳದಿರೋಣ. ಆದರೆ ಅದರ ಸ್ಥಳದಲ್ಲಿ ಸುಳ್ಳನ್ನು ಬರೆಯದಿರೋಣ. ನೆರೆಯವನ ಮನೆತನವನ್ನು ಕೆದಕುವುದಕ್ಕಂತೂ ಪುಸ್ತಕವನ್ನು ತೆರೆಯಲೇ ಬಾರದು. ಕರ್ತನ ವಂಶಾವಳಿಯಲ್ಲಿಯೇ ತಾಮಾರಳೂ ರಾಹಾಬಳೂ ಪರದೇಶದ ರೂತಳೂ ಇದ್ದಾರೆ. ಮತ್ತಾಯನು ಅವರನ್ನು ಅಳಿಸಲಿಲ್ಲ.

ಎಜ್ರನ ಗ್ರಂಥದಲ್ಲಿ, ಪಟ್ಟಿಯಲ್ಲಿ ಹೆಸರು ಸಿಕ್ಕದವರು ಯಾಜಕಸೇವೆಯಿಂದ ತಳ್ಳಲ್ಪಟ್ಟರೆಂದು ಓದುತ್ತೇವೆ. ನಮ್ಮ ಪುಸ್ತಕಗಳನ್ನೂ ಗೆದ್ದಲು ತಿನ್ನುತ್ತದೆ, ಮಳೆಯು ನೆನಸುತ್ತದೆ; ಎಷ್ಟೋ ಅಜ್ಜಅಜ್ಜಿಯರ ಹೆಸರು ಎಲ್ಲಿಯೂ ಸಿಕ್ಕದು. ಆದರೂ ಅದಕ್ಕಾಗಿ ಕ್ರಿಸ್ತನು ಯಾರನ್ನೂ ತಳ್ಳುವುದಿಲ್ಲ. ಗೀಟು ಎಳೆದ ಕೈಯನ್ನೂ ಅರಿತಿರುವ ಕರ್ತನ ಬಳಿಯಲ್ಲಿ ಜೀವಬಾಧ್ಯರ ಪಟ್ಟಿಯುಂಟು. ಅದರಲ್ಲಿ ನಮ್ಮ ಹೆಸರಿರುವುದೋ ಎಂದು ಮೊದಲು ವಿಚಾರಿಸಿಕೊಂಡು, ಆಮೇಲೆ ಅಜ್ಜನ ಹೆಸರನ್ನು ನಾಚದೆ ಮಕ್ಕಳಿಗೆ ಓದಿ ಹೇಳೋಣ.