ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು

“ಬರೆದದ್ದನ್ನು ಬರೆದ ಹಾಗೇ ನುಡಿಸೋದಾದರೆ, ಅಲ್ಲಿ ನುಡಿಸುವವಳ ಕೆಲಸ ಏನಮ್ಮಾ?”

ಅಲ್ಲಾಳಸಂದ್ರ ಕೆರೆಯ ಸುತ್ತ ಸಂಜೆ ನಡೆಯುತ್ತಾ ಪಿಟೀಲು ಮೇಷ್ಟ್ರು ಕೇಳಿದ ಪ್ರಶ್ನೆ ಇದು. ಅವರು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಜೊತೆಗಿದ್ದ ತರುಣಿ ಅವರ ಅಪಾರ್ಟ್‌ಮೆಂಟಿನವಳೇ. ರಜೆಯ ದಿನ ಆರ್.ಟಿ. ನಗರಕ್ಕೆ ಪಿಯಾನೊ ಪಾಠಕ್ಕೆ ಹೋಗುತ್ತಾಳೆ, 1987ರಲ್ಲಿ ಅರುಣಾ ಸುಂದರ್‌ಲಾಲ್ ಶುರುಮಾಡಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ಗೆ.

“ಯಾವಾಗಲೂ ಹಾಗಿರಲಿಲ್ಲ ಮೇಷ್ಟ್ರೇ,” ಎಂದಳು ತರುಣಿ. “ಯುರೋಪಿನ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲಕ್ಕೆ ಬರೋಕ್ ಅಂತಾರಲ್ಲ, ಆಗಿನ ಹಾಳೆ ತೆಗೆದು ನೋಡಿದರೆ ಅರ್ಧ ಖಾಲಿ. ಮೇಲೊಂದು ಹಾಡಿನ ಸಾಲು, ಕೆಳಗೊಂದು ಮಂದ್ರದ ಸಾಲು. ಮಂದ್ರದ ಸ್ವರಗಳ ಪಕ್ಕ 6, 7, 4 ಅಂತ ಅಂಕಿ. ಆ ಅಂಕಿ ನೋಡಿಕೊಂಡು ಹಾರ್ಪ್ಸಿಕಾರ್ಡ್ ನುಡಿಸುವವನು ನಡುವಿನ ಸ್ವರಗಳನ್ನೆಲ್ಲ ಅಲ್ಲೇ, ಆಗಲೇ ತುಂಬಬೇಕು. ಅದಕ್ಕೆ ಕಂಟಿನ್ಯುವೊ ಅನ್ನೋದು.”

“ಅಂದರೆ ಚುಕ್ಕಿ ಮಾತ್ರ ಇಟ್ಟು ಕೊಡ್ತಾರೆ, ರಂಗೋಲಿಯ ಎಳೆ ಹಾಕೋದು ಇವನು.”

“ಹೌದು. ಪಿಟೀಲಿನವರಿಗೂ ಹಾಗೇ. ಕೊರೆಲ್ಲಿ 1700ರಲ್ಲಿ ರೋಮ್‌ನಲ್ಲಿ ಹನ್ನೆರಡು ಸೊನಾಟ ಅಚ್ಚುಹಾಕಿಸಿದ. ಅವುಗಳ ವಿಳಂಬ ಭಾಗಗಳು ನೋಡೋಕೆ ಬೋಳು ಬೋಳು, ಉದ್ದುದ್ದ ಸ್ವರ ಅಷ್ಟೇ. ಹತ್ತು ವರ್ಷದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕನೊಬ್ಬ ಅದೇ ಸೊನಾಟಗಳನ್ನು ಮತ್ತೆ ಅಚ್ಚು ಮಾಡಿ, ಬೋಳು ಸಾಲಿನ ಜೊತೆಗೆ ಇನ್ನೊಂದು ಸಾಲು ಕೊಟ್ಟ. ಕೊರೆಲ್ಲಿ ಸ್ವತಃ ನುಡಿಸೋದು ಹೀಗೆ, ಅಂತ. ಅದರ ತುಂಬಾ ಸುರುಳಿ, ಜಾರು, ಓಟ.”

ಮೇಷ್ಟ್ರು ನಿಂತೇಬಿಟ್ಟರು. “ಸಂಗತಿಗಳು! ನಮ್ಮ ಕೀರ್ತನೆಯದೂ ಇದೇ ಕಥೆ. ಪುಸ್ತಕದಲ್ಲಿರೋದು ಎಲುಬು, ಗುರು ಹೇಳಿಕೊಟ್ಟದ್ದು ಮಾಂಸ. 1904ರಲ್ಲಿ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತಂದಾಗ ಸ್ವರವನ್ನು ಅಲುಗಿಸುವ ಗಮಕಕ್ಕೆಲ್ಲ ಒಂದೊಂದು ಚಿಹ್ನೆ ಹಾಕಿಸಿದರು. ಕಂಪಿತಕ್ಕೊಂದು, ಸ್ಫುರಿತಕ್ಕೊಂದು. ಎಷ್ಟು ದೊಡ್ಡ ಉಪಕಾರ ಅದು! ಆದರೂ ಆ ಚಿಹ್ನೆ ನೋಡಿ, ಕೇಳದವನು ನುಡಿಸಲಾರ.”

“ಅಲ್ಲೂ ಇದೇ ಜಗಳ ನಡೆದಿದೆ. ಬಾಖ್ ತನ್ನ ಅಲಂಕಾರಗಳನ್ನು ನುಡಿಸುವವರಿಗೆ ಬಿಡದೆ ಒಂದೊಂದು ಸ್ವರವನ್ನೂ ಬರೆದುಬಿಡುತ್ತಿದ್ದ. 1737ರಲ್ಲಿ ಶೈಬೆ ಅನ್ನೋ ವಿಮರ್ಶಕ ಅದನ್ನೇ ದೋಷ ಅಂತ ಅಚ್ಚಿನಲ್ಲಿ ಹೇಳಿದ. ಎಲ್ಲವನ್ನೂ ಬರೆದದ್ದರಿಂದ ಹಾಡಿನ ಎಳೆಯೇ ಕಾಣದ ಹಾಗಾಗಿದೆ ಅನ್ನೋದು ಅವನ ದೂರು.”

ಈ ದೂರನ್ನು ಇಂದಿನ ಕೇಳುಗರು ಸುಲಭವಾಗಿ ತಳ್ಳಿಹಾಕುತ್ತಾರೆ. ಬಾಖ್ ಗೆದ್ದದ್ದು ಎಲ್ಲರಿಗೂ ಗೊತ್ತು. ಆದರೆ ಶೈಬೆಯ ಪ್ರಶ್ನೆ ಸೋತಿಲ್ಲ. ಒಂದು ಶೈಲಿ ಇನ್ನೊಂದರಿಂದ ಬೇರೆಯಾಗುವುದು ಸ್ವರಗಳಿಂದ ಮಾತ್ರವಲ್ಲ, ಕಟ್ಟಿದವನಿಗೂ ನುಡಿಸುವವನಿಗೂ ನಡುವೆ ಆದ ಒಪ್ಪಂದದಿಂದ. ಮೇಷ್ಟ್ರು ಅದನ್ನು ತಮ್ಮ ದಾರಿಯಲ್ಲಿ ಹಿಡಿದರು.

“ವೆಂಕಟಮಖಿಯನ್ನು ನೋಡು. ತಂದೆ ಗೋವಿಂದ ದೀಕ್ಷಿತರು ಕನ್ನಡದವರು, ತಂಜಾವೂರಿನ ನಾಯಕರಿಗೆ ಮಂತ್ರಿ. ಮಗ ‘ಚತುರ್ದಂಡೀ ಪ್ರಕಾಶಿಕೆ’ ಅನ್ನೋ ಸಂಗೀತಶಾಸ್ತ್ರದ ಗ್ರಂಥ ಬರೆದದ್ದು ಹದಿನೇಳನೇ ಶತಮಾನದ ನಡುವೆ, ನಿನ್ನ ಕೊರೆಲ್ಲಿ ಹುಟ್ಟಿದ ಆಸುಪಾಸು. ನಾಲ್ಕು ದಂಡಿಗಳು ಯಾವುವು? ಗೀತ, ಪ್ರಬಂಧ, ಇವೆರಡು ಕಟ್ಟಿದ್ದು. ಆಲಾಪ, ಠಾಯ, ಇವೆರಡು ಬಿಚ್ಚುವಂಥದ್ದು. ಪ್ರಕಾರಗಳನ್ನು ಹೆಸರಿಸುವಾಗಲೇ ಕಟ್ಟಿದ್ದಕ್ಕೆಷ್ಟು, ಬಿಟ್ಟದ್ದಕ್ಕೆಷ್ಟು ಅಂತ ತಕ್ಕಡಿ ಸಮ ಮಾಡಿದ್ದಾನೆ. ನಿಮ್ಮವರು ಆಮೇಲೆ ತಕ್ಕಡಿಯ ಒಂದು ತಟ್ಟೆಯನ್ನೇ ತೆಗೆದುಬಿಟ್ಟರು.”

“ಒಂದೇ ಏಟಿಗೆ ತೆಗೆಯಲಿಲ್ಲ. ಬಾಖ್ 1750ರಲ್ಲಿ ತೀರಿಕೊಳ್ಳುವ ಹೊತ್ತಿಗಾಗಲೇ ಜನರ ರುಚಿ ಬದಲಾಗಿತ್ತು. ಫ್ಯೂಗ್‌ನ ಹೆಣಿಗೆ ಭಾರ ಅನಿಸಿತ್ತು. ಚಿಕ್ಕ ಚಿಕ್ಕ ವಾಕ್ಯ, ಮೇಲೊಂದೇ ಹಾಡು, ಕೆಳಗೆ ಹಗುರ ಆಸರೆ. ಆ ಶೈಲಿಗೆ ಗಲಾಂಟ್ ಅಂತ ಹೆಸರು. ಹಳೆಯ ಸ್ವೀಟ್‌ನಲ್ಲಿ ಆಲ್ಮಾಂಡ್, ಸರಬಾಂದ್, ಜಿಗ್ ಅಂತ ಕುಣಿತಗಳ ಸರಣಿ ಇರುತ್ತಿತ್ತು. ಅದು ಹಿಂದೆ ಸರಿದು ಸೊನಾಟ, ಸಿಂಫನಿ ಮುಂದೆ ಬಂದವು. ಅಂಕಿ ನೋಡಿ ತುಂಬುವ ಪದ್ಧತಿ ಮೆಲ್ಲಗೆ ಕರಗಿತು. ಆದರೂ ಕಾಂಚೆರ್ಟೊದಲ್ಲಿ ಕಡೆಂಜಾ ಅಂತ ಒಂದು ಜಾಗ ಉಳಿಯಿತು, ವಾದ್ಯವೃಂದ ಸುಮ್ಮನಾಗಿ ಒಬ್ಬನಿಗೇ ಬಿಡುವ ಜಾಗ. ಮೊಟ್ಸಾರ್ಟ್ ಅಲ್ಲಿ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಿದ್ದ.”

“ಇಡೀ ಮನೆ ಬೀಗ ಹಾಕಿ ಒಂದು ಕಿಟಕಿ ತೆರೆದಿಟ್ಟರು.”

“ಬೀಗ ಅನ್ನಬೇಡಿ. ಎಲ್ಲ ಬರೆದದ್ದರಿಂದ ದಕ್ಕಿದ್ದೂ ಇದೆ.” ತರುಣಿಯ ದನಿ ಇಲ್ಲಿ ಗಟ್ಟಿಯಾಯಿತು. “1781ರ ಹೈಡನ್‌ನ ಆರು ಕ್ವಾರ್ಟೆಟ್ ಕೇಳಿ. ನಾಲ್ಕೇ ತಂತಿವಾದ್ಯ, ತುಂಬಿಕೊಡುವ ಕಂಟಿನ್ಯುವೊ ಇಲ್ಲ. ಆ ಕೆಲಸ ಎರಡನೇ ಪಿಟೀಲಿಗೆ, ವಿಯೋಲಕ್ಕೆ ಹಂಚಿಹೋಯಿತು. ಹಂಚಿಹೋದ ಮೇಲೆ ಅವು ಬರೀ ತುಂಬಲಿಲ್ಲ. ಮಾತಾಡಿದವು, ನಡುವೆ ಬಾಯಿ ಹಾಕಿದವು, ಒಂದು ಶುರುಮಾಡಿದ್ದನ್ನು ಇನ್ನೊಂದು ಮುಗಿಸಿತು. ನಾಲ್ಕು ಜನ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸಿದರೆ ಅಂಥ ಸಂವಾದ ಆಗುತ್ತಾ? ಕಛೇರಿಯಲ್ಲಿ ನಿಮ್ಮ ಪಿಟೀಲು ಮುಖ್ಯ ಗಾಯಕರ ನೆರಳು. ಮನೋಧರ್ಮದ ಬೆಲೆಯನ್ನು ಪಕ್ಕವಾದ್ಯ ತೆರುತ್ತೆ.”

ಮೇಷ್ಟ್ರು ಇದಕ್ಕೆ ಬೇಗ ಉತ್ತರಿಸಲಿಲ್ಲ. ಏರಿಯ ತಿರುವು ದಾಟಿದ ಮೇಲೆ ಹೇಳಿದರು: “ನೆರಳು ಅನ್ನೋದನ್ನು ಪೂರ್ತಿ ಒಪ್ಪಲಾರೆ. ಗಾಯಕ ಬಿಟ್ಟ ಸ್ವರಕ್ಕೆ ಪಿಟೀಲು ಕೊಡುವ ಉತ್ತರದಲ್ಲಿ ಚೌಡಯ್ಯನವರು ಏನೇನು ಮಾಡುತ್ತಿದ್ದರು! ದೊಡ್ಡ ದನಿಯ ಗಾಯಕರ ಪಕ್ಕದಲ್ಲಿ ಕೇಳಲಿ ಅಂತಲೇ ಏಳು ತಂತಿಯ ಪಿಟೀಲು ಕಟ್ಟಿಸಿಕೊಂಡವರು ಅವರು. ಆದರೆ ನಾಲ್ಕು ಜನರ ಹೆಣಿಗೆ ಬೇಕಾದರೆ ಬರೆಯಲೇಬೇಕು ಅನ್ನೋದು ನಿಜ. ಹಾಗಾದರೆ ಒಂದು ಕೇಳ್ತೀನಿ. ಪಿಟೀಲು ನಮ್ಮಲ್ಲಿಗೆ ಬಂತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಯುರೋಪಿನವರಿಂದಲೇ ಅದನ್ನು ಕಲಿತರು. ಧಾಟಿಗಳೂ ಬಂದವು, ಬ್ಯಾಂಡಿನಲ್ಲಿ ಕೇಳಿದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರ ಮಾಡಿದರು. ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಜಗೀತೆಯ ಮಟ್ಟು. ಇಷ್ಟೆಲ್ಲ ಬಂದಿತು, ಆ ಮಂದ್ರದ ಸಾಲು ಮಾತ್ರ ಯಾಕೆ ಬರಲಿಲ್ಲ?”

“ಆ ರಾಜಗೀತೆ ಲಂಡನ್ನಿನ ರಂಗಮಂದಿರದಲ್ಲಿ ಮೊಳಗಿದ್ದು 1745ರಲ್ಲಿ. ಅದರ ನಡಿಗೆ ಗಾಲಿಯರ್ಡ್ ಅನ್ನೋ ಹಳೆಯ ಕುಣಿತದ್ದು, ಮೂರು ಎಣಿಕೆ. ಅಂದರೆ ಬರೋಕ್‌ಗಿಂತಲೂ ಹಿಂದಿನ ಒಂದು ಕುಣಿತ ದೀಕ್ಷಿತರ ಸಂಸ್ಕೃತದಲ್ಲಿ ಕೂತಿದೆ.” ತರುಣಿ ಬೆರಳಲ್ಲಿ ಎಣಿಕೆ ಹಾಕಿ ತೋರಿಸಿದಳು. “ಮಂದ್ರದ ಸಾಲು ಬಾರದ್ದಕ್ಕೆ ಕಾರಣ ಗಮಕ ಅನಿಸುತ್ತೆ. ಎರಡು ಮೂರು ಸ್ವರ ಒಟ್ಟಿಗೆ ಹೊಂದಬೇಕಾದರೆ ಅವು ನಿಂತಿರಬೇಕು. ಅಲುಗುವ ಸ್ವರದ ಕೆಳಗೆ ಆಸರೆ ಕೊಡೋಕಾಗಲ್ಲ, ಪ್ರತಿ ಕಂಪನಕ್ಕೂ ಅಪಸ್ವರ ಏಳುತ್ತೆ.”

“ಹರಿಕೇಶನಲ್ಲೂರ್ ಮುತ್ತಯ್ಯ ಭಾಗವತರು ಮೈಸೂರಿನ ಆಸ್ಥಾನದಲ್ಲಿದ್ದವರಲ್ಲ, ಅವರ ‘ಇಂಗ್ಲಿಷ್ ನೋಟ್’ ಶಂಕರಾಭರಣದಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯುತ್ತೆ. ಅಲ್ಲಿ ಗಮಕಕ್ಕೆ ಜಾಗವೇ ಇಲ್ಲ.”

“ಒಟ್ಟಿಗೆ ನುಡಿಯಬೇಕಾದ ಸ್ವರಗಳನ್ನು ಒಂದರ ಹಿಂದೊಂದು ಬಿಡಿಸಿಟ್ಟಿದ್ದಾರೆ ಮೇಷ್ಟ್ರೇ. ಗಲಾಂಟ್ ಕಾಲದಲ್ಲಿ ಆಲ್ಬೆರ್ಟಿ ಅನ್ನೋನು ಎಡಗೈಗೆ ಮಾಡಿದ್ದೂ ಅದನ್ನೇ. ಸ್ವರಮೇಳ ಬಂದಿದೆ, ಮಲಗಿಕೊಂಡು ಬಂದಿದೆ.”

ಮೇಷ್ಟ್ರು ತಲೆದೂಗಿದರು, ಆದರೆ ಬಿಡಲಿಲ್ಲ. “ಅಲುಗುವ ಸ್ವರ ನಿಮ್ಮ ಕೀಲಿಮಣೆಯಲ್ಲಿ ಎಂದೂ ಇರಲೇ ಇಲ್ಲವೋ?”

“ಇತ್ತು. ಕ್ಲಾವಿಕಾರ್ಡ್‌ನಲ್ಲಿ. ಕೀಲಿ ಒತ್ತಿದರೆ ಲೋಹದ ಪಟ್ಟಿ ತಂತಿಗೆ ತಾಗಿ ಅಲ್ಲೇ ನಿಲ್ಲುತ್ತೆ, ಬೆರಳು ಅದುಮಿ ಬಿಟ್ಟರೆ ಸ್ವರ ಕಂಪಿಸುತ್ತೆ. ಬಾಖ್‌ನ ಮಗ ಸಿ.ಪಿ.ಇ. ಬಾಖ್‌ಗೆ ಪ್ರಾಣವಾಗಿದ್ದ ವಾದ್ಯ ಅದು. 1781ರಲ್ಲಿ ತನ್ನ ಕ್ಲಾವಿಕಾರ್ಡ್ ಕೈಬಿಟ್ಟಾಗ ಅದಕ್ಕೊಂದು ವಿದಾಯದ ರೊಂಡೊ ಬರೆದ. ಆಮೇಲೆ ಪಿಯಾನೊದ ಕಾಲ. ಪಿಯಾನೊದಲ್ಲಿ ಸುತ್ತಿಗೆ ಹೊಡೆದು ಹಿಂದೆ ಬೀಳುತ್ತೆ, ಬೆರಳಿಗೆ ತಂತಿ ಸಿಗಲ್ಲ.”

“ಹಾಗಾದರೆ ಆ ಕ್ಲಾವಿಕಾರ್ಡ್‌ನಲ್ಲಿ ಶಂಕರಾಭರಣದ ಮಧ್ಯಮ ಬರುತ್ತೇನು? ಗಾಂಧಾರದಿಂದ ಎದ್ದು ತೂಗಬೇಕು ಅದು.”

“ಗಾಂಧಾರದ ಕೀಲಿ ಅದುಮಿದರೆ ಶ್ರುತಿ ಮೇಲೇಳುತ್ತೆ, ಆದರೆ ತುಸುವೇ. ಮಧ್ಯಮದವರೆಗೆ ಮುಟ್ಟಲ್ಲ.”

“ದಾರಿಯಲ್ಲೇ ನಿಲ್ಲುತ್ತೆ. ಇರಲಿ. ನೊಟ್ಟುಸ್ವರದಲ್ಲಿ ಹೇಗೂ ಮಧ್ಯಮ ತೂಗೋದಿಲ್ಲ. ಅದಕ್ಕೆ ನೀನು ಮಂದ್ರದ ಸಾಲು ಬರೆದು ತಾ, ನಡುವಿನ ಸ್ವರ ಬೇಡ, ಅಂಕಿ ಮಾತ್ರ ಹಾಕು. ಎರಡನೇ ಸಲ ಹಾಡುವಾಗ ಏನು ತುಂಬ್ತೀಯ ಅಂತ ನಾನು ಮೊದಲೇ ಕೇಳಲ್ಲ.”